ಕಲಿಸುವವರ ಮುಂದೆ ಬಾಯಿ ಬಿಡಿ

(ಸಂಘದ ವಾರ್ಷಿಕ ಸಭೆಯಲ್ಲಿ, ಕೆಡೆಟ್‌ಗಳಾದ ನಮ್ಮ ಸದಸ್ಯರ ಮಕ್ಕಳನ್ನು ಗೌರವಿಸಿದ ಸಂದರ್ಭದಲ್ಲಿ ಮಾಡಿದ ಭಾಷಣ)



ಇಂದು ಈ ವೇದಿಕೆಯ ಮೇಲೆ ಮೂವರು ಮಕ್ಕಳು ಕುಳಿತಿದ್ದಾರೆ. ಒಬ್ಬನು ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಆಯ್ಕೆಯಾಗಿ ಹೊರಟುನಿಂತವನು. ಇನ್ನಿಬ್ಬರು, ಒಬ್ಬ ತಮ್ಮ, ಒಬ್ಬಳು ತಂಗಿ, ಕಾಲೇಜಿನಲ್ಲಿ ಎನ್.ಸಿ.ಸಿ. ಕೆಡೆಟ್‌ಗಳು. ಮೂವರ ತಂದೆಯರೂ ಈ ಶಹರದ ಹೋಟೆಲುಗಳಲ್ಲಿ ದುಡಿಯುವವರು. ಹಾರ ಹಾಕಿದ್ದಾಯಿತು, ಫಲತಾಂಬೂಲ ಕೊಟ್ಟದ್ದಾಯಿತು. ಧೈರ್ಯದಿಂದಿರಿ, ದೇಶಸೇವೆ ಮಾಡಿರಿ ಎಂದು ನಮಗಿಂತ ಮೊದಲು ಮಾತನಾಡಿದ ಹಿರಿಯರು ಹರಸಿದ್ದಾರೆ. ಅದೆಲ್ಲ ಸರಿಯೇ. ನಾವು ಹೇಳಬೇಕೆಂದಿರುವುದು ಸಣ್ಣ ಮಾತು. ಅಲ್ಲಿ ನಿಮ್ಮ ಕೈಹಿಡಿದು ನಡೆಸಲೆಂದೇ ಸರಕಾರವು ಕೆಲವರನ್ನು ಇರಿಸಿದೆ. ಅವರಿಂದ ಪೂರ್ತಿ ಪ್ರಯೋಜನ ಪಡೆಯುವುದು ಹೇಗೆ ಎಂಬುದಷ್ಟೇ ಆ ಮಾತು.

ಖಡಕವಾಸ್ಲಾ ನಮಗೆ ದೂರದ ಊರಲ್ಲ, ಪುಣೆಯ ಪಕ್ಕದಲ್ಲಿದೆ. 1949ರಲ್ಲಿ ಪಂಡಿತ ನೆಹರೂ ಅವರು ಅಡಿಗಲ್ಲಿಟ್ಟ ಆ ಸಂಸ್ಥೆಯ ಉದ್ಘಾಟನೆ 1955ರ ಜನವರಿಯಲ್ಲಿ ಆಯಿತು. ಭೂಸೇನೆ, ನೌಕಾಸೇನೆ, ವಾಯುಸೇನೆ ಈ ಮೂರಕ್ಕೂ ಹೋಗುವವರು ಅಲ್ಲಿ ಮೂರು ವರ್ಷ, ಅಂದರೆ ಆರು ಅವಧಿಗಳ ಕಾಲ, ಕೂಡಿ ಕಲಿಯುತ್ತಾರೆ. ಕೆಡೆಟ್‌ಗಳನ್ನು ಸ್ಕ್ವಾಡ್ರನ್‌ಗಳಾಗಿ ಹಂಚಿರುತ್ತಾರೆ. ಸ್ಕ್ವಾಡ್ರನ್ನಿಗೆ ಒಬ್ಬ ಕಮಾಂಡರ್, ಅವರ ಕೈಕೆಳಗೆ ಡಿವಿಷನಲ್ ಆಫೀಸರರು. ಕೆಡೆಟ್ಟಿನ ಓದು, ಆಟ, ನಡತೆ ಎಲ್ಲದರ ಮೇಲೂ ಕಣ್ಣಿಟ್ಟು ಬುದ್ಧಿ ಹೇಳುವ ಹೊಣೆ ಈ ಆಫೀಸರರದು. ಕೊನೆಯ ಅವಧಿಯ ಕೆಡೆಟ್‌ಗಳಲ್ಲಿ ಕೆಲವರಿಗೆ ಹುದ್ದೆ ಕೊಟ್ಟು ಕಿರಿಯರ ಜವಾಬ್ದಾರಿ ವಹಿಸುತ್ತಾರೆ. ಕವಾಯತು ಕಲಿಸುವವರನ್ನು ಉಸ್ತಾದ್ ಎಂದು ಕರೆಯುವುದು ಅಲ್ಲಿಯ ವಾಡಿಕೆ. ಪಾಠ ಹೇಳುವ ಅಧ್ಯಾಪಕರು ಬೇರೆ.

1948ರಲ್ಲಿ ಆರಂಭವಾದ ಎನ್.ಸಿ.ಸಿ.ಯಲ್ಲಿಯೂ ಇಂತಹದೇ ಏರ್ಪಾಡಿದೆ. ನಿಮ್ಮ ಕಾಲೇಜಿನ ಅಧ್ಯಾಪಕರೊಬ್ಬರೇ ತರಬೇತಿ ಪಡೆದು ನಿಮ್ಮ ಅಧಿಕಾರಿಯಾಗಿರುತ್ತಾರೆ. ಸೈನ್ಯದಿಂದ ಬಂದ ಹವಾಲ್ದಾರರು, ಸುಬೇದಾರರು ಕವಾಯತು ಕಲಿಸುತ್ತಾರೆ.

ಇಷ್ಟು ಜನರಿದ್ದೂ ನಮ್ಮಂತಹವರ ಮಕ್ಕಳು ಒಂಟಿಯಾಗಿ ಒದ್ದಾಡುವುದುಂಟು. ಒಂದು ಸಂಗತಿ ಹೇಳುತ್ತೇವೆ.

ನಮ್ಮ ಸ್ನೇಹಿತರೊಬ್ಬರು ಇಪ್ಪತ್ತು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವರು. ಅವರ ಮಗ ಕೆಲವು ವರ್ಷಗಳ ಹಿಂದೆ ಒಂದು ಸೈನಿಕ ಅಕಾಡೆಮಿಗೆ ಸೇರಿದ. ಓದಿನಲ್ಲಿ ಚುರುಕು, ಓಟದಲ್ಲಿ ಮುಂದು. ಆದರೆ ಚಾಳಿನ ಒಂದು ಕೋಣೆಯಲ್ಲಿ ಬೆಳೆದ ಹುಡುಗ ಈಜುವ ಕೊಳವನ್ನು ಎಲ್ಲಿ ಕಂಡಾನು? ಅವನಿಗೆ ನೀರೆಂದರೆ ಭಯ. ಅದನ್ನು ಯಾರಿಗೂ ಹೇಳಲಿಲ್ಲ. ಈಜಿನ ದಿನ ಬಂತೆಂದರೆ ಒಮ್ಮೆ ಹೊಟ್ಟೆನೋವು, ಇನ್ನೊಮ್ಮೆ ನೆಗಡಿ. ಮನೆಗೆ ಫೋನು ಮಾಡಿದಾಗಲೆಲ್ಲ, "ಎಲ್ಲಾ ಚೆನ್ನಾಗಿದೆ ಅಪ್ಪ" ಎಂಬ ಒಂದೇ ಮಾತು. ಪರೀಕ್ಷೆ ಬಂತು, ನಪಾಸಾದ. ಒಂದು ಅವಧಿ ಹಿಂದಕ್ಕೆ ಹಾಕಿದರು. ಜೊತೆಯವರು ಮುಂದೆ ಹೋದರು, ಇವನು ಉಳಿದ. ಬಿಟ್ಟು ಮನೆಗೆ ಬಂದುಬಿಡಬೇಕೆಂದು ಪೆಟ್ಟಿಗೆ ಕಟ್ಟುವವರೆಗೂ ಹೋದ.

ಆಗ ಅವನ ಅಧಿಕಾರಿ ಕರೆದು ಕೂರಿಸಿ ವಿಚಾರಿಸಿದರು. ಹುಡುಗ ತಲೆತಗ್ಗಿಸಿ ನಿಜ ಹೇಳಿದ. ಅವರು ಬೈಯಲಿಲ್ಲ. "ಇದನ್ನು ಮೊದಲ ವಾರವೇ ಏಕೆ ಹೇಳಲಿಲ್ಲ?" ಎಂದಷ್ಟೇ ಕೇಳಿದರು. ಮರುದಿನದಿಂದ ಈಜು ಬಾರದವರ ಜೊತೆಗೆ ಅವನಿಗೂ ಹೆಚ್ಚಿನ ಪಾಠ ಗೊತ್ತಾಯಿತು. ಎರಡು ತಿಂಗಳಲ್ಲಿ ನೀರು ವಶವಾಯಿತು. ಇಂದು ಅವನು ಹೆಗಲ ಮೇಲೆ ನಕ್ಷತ್ರ ಧರಿಸಿದ ಅಧಿಕಾರಿ. ಅವನ ಆರು ತಿಂಗಳನ್ನು ತಿಂದದ್ದು ನೀರಲ್ಲ, ಮೌನ.

ಈ ಕಥೆಯನ್ನು ನಮಗೆ ಹೇಳಿದವರು ಆ ತಂದೆಯೇ. ಸಂಘದ ಕೋಣೆಯಲ್ಲಿ ಕುಳಿತು ಕಣ್ಣು ಒರೆಸಿಕೊಳ್ಳುತ್ತ ಅವರೊಂದು ಮಾತು ಹೇಳಿದರು: "ಸುಮ್ಮನಿರುವುದನ್ನು ಅವನಿಗೆ ಕಲಿಸಿದವನು ನಾನೇ."

ಬಂಧುಗಳೇ, ಇದು ನಮ್ಮೆಲ್ಲರ ಮನೆಯ ಮಾತು. ಗ್ಲಾಸು ಒಡೆದರೆ ಪಗಾರದಲ್ಲಿ ಮುರಿಯುತ್ತಾರೆಂದು ಚೂರುಗಳನ್ನು ಬಚ್ಚಿಟ್ಟವರು ನಾವು. ಜ್ವರವಿದೆ ಎಂದರೆ ನಾಳೆ ಬೇರೆ ಹುಡುಗ ಬರುತ್ತಾನೆಂದು ಮೈಸುಡುತ್ತಲೇ ಟೇಬಲು ಒರೆಸಿದವರು ನಾವು. ಗಲ್ಲಾದ ಮುಂದೆ ತಲೆಯೆತ್ತಬಾರದು, ಕೇಳಿದ್ದಕ್ಕೆ ಹೂಂ ಎನ್ನಬೇಕು, ಕೊರತೆಯನ್ನು ಹೇಳಿಕೊಳ್ಳಬಾರದು. ಇದು ನಮಗೆ ಹೊಟ್ಟೆಪಾಡು ಕಲಿಸಿದ ಪಾಠ. ಅದನ್ನೇ ಮರ್ಯಾದೆ ಎಂದು ಹೆಸರಿಟ್ಟು ಮಕ್ಕಳಿಗೂ ಕಲಿಸಿದ್ದೇವೆ. ಡಿವಿಷನಲ್ ಆಫೀಸರರ ಮುಂದೆ ನಿಂತಾಗ ನಮ್ಮ ಹುಡುಗನಿಗೆ ಗಲ್ಲಾದ ಧಣಿಯೇ ಕಾಣಿಸುತ್ತಾನೆ. ಆದರೆ ಆ ಕುರ್ಚಿ ಬೇರೆ, ಈ ಕುರ್ಚಿ ಬೇರೆ. ನೀವು ಕಲಿತು ಮೇಲೇರಿದರೆ ಆ ಅಧಿಕಾರಿಯ ಕೆಲಸ ಸಫಲವಾದಂತೆ.

ಹಾಗಾದರೆ ಕೇಳುವುದು ಹೇಗೆ? ಇದನ್ನು ನಾವು ಅಡಿಗೆಮನೆಯಲ್ಲೇ ಕಲಿತೆವು. ಏಳನೆಯ ಇಯತ್ತೆ ಮುಗಿಸಿ ಬಂದು ಕಪ್ಪು ಬಸಿ ತೊಳೆಯುತ್ತಿದ್ದ ದಿನಗಳವು. ನಮ್ಮಲ್ಲಿ ಹಲವರು, "ಭಟ್ಟರೇ, ನಮಗೂ ಕೆಲಸ ಕಲಿಸಿ" ಎನ್ನುತ್ತಿದ್ದರು. ಭಟ್ಟರು ನಕ್ಕು ಸುಮ್ಮನಾಗುತ್ತಿದ್ದರು. ಒಬ್ಬ ಹುಡುಗ ಮಾತ್ರ, "ಕಾವಲಿ ಕಾದದ್ದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದ. ಭಟ್ಟರು ನೀರು ಚಿಮುಕಿಸಿ, ಹನಿಗಳು ಕುಣಿಯುವುದನ್ನು ತೋರಿಸಿದರು. ಅವನು ಮರುದಿನ ಹಾಗೆಯೇ ಮಾಡಿ, ದೋಸೆ ಹರಿದುಹೋದಾಗ ಮತ್ತೆ ಹೋಗಿ ಕೇಳಿದ. ವರ್ಷದೊಳಗೆ ಅವನು ಕಾವಲಿಯ ಮುಂದಿದ್ದ, ಉಳಿದವರು ನಲ್ಲಿಯ ಮುಂದೆಯೇ ಇದ್ದರು.

ಆದುದರಿಂದ ಮಕ್ಕಳೇ, ಎಲ್ಲವನ್ನೂ ಕಲಿಸಿ ಎಂದು ಕೇಳಬೇಡಿ, ಒಂದನ್ನು ಕೇಳಿ. "ಸರ್, ನನಗೆ ಇಂಗ್ಲಿಷಿನಲ್ಲಿ ಬರೆಯಲು ಬರುತ್ತದೆ, ಸಭೆಯಲ್ಲಿ ಎದ್ದು ಮಾತನಾಡಲು ನಾಲಿಗೆ ತಡವರಿಸುತ್ತದೆ. ಏನು ಮಾಡಲಿ?" ಇದು ಪ್ರಶ್ನೆ. ಮೊದಲ ಹದಿನೈದು ದಿನಗಳಲ್ಲಿಯೇ ನಿಮ್ಮ ಕೊರತೆಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು ಹೋಗಿ ಹೇಳಿ. ಅವರು ಹೇಳಿದ್ದನ್ನು ಮಾಡಿ ನೋಡಿ, ಆದದ್ದನ್ನೂ ಆಗದ್ದನ್ನೂ ಮತ್ತೆ ಹೋಗಿ ತಿಳಿಸಿ. ಎಷ್ಟೋ ಜನ ಈ ಎರಡನೆಯ ಸಲ ಹೋಗುವುದೇ ಇಲ್ಲ. ಬುದ್ಧಿ ಹೇಳುವವರಿಗೆ ತಮ್ಮ ಮಾತು ಏನಾಯಿತೆಂದು ತಿಳಿಯದಿದ್ದರೆ ಮುಂದಿನ ಮಾತು ಹೇಳುವ ಹುರುಪು ಎಲ್ಲಿಂದ ಬರಬೇಕು?

ಎಲ್ಲ ಪ್ರಶ್ನೆಗಳಿಗೂ ಒಬ್ಬರೇ ಗುರುವಲ್ಲ. ಹೆಜ್ಜೆ ತಪ್ಪಿದರೆ ಉಸ್ತಾದರು, ಲೆಕ್ಕ ತಪ್ಪಿದರೆ ಅಧ್ಯಾಪಕರು, ದಿನಚರಿ ತಪ್ಪಿದರೆ ಹಿರಿಯ ಕೆಡೆಟ್, ಮನಸ್ಸೇ ತಪ್ಪಿದರೆ ಡಿವಿಷನಲ್ ಆಫೀಸರ್. ಇನ್ನೊಂದು ಮಾತು. ಇವರು ವಶೀಲಿಗೆ ಇರುವವರಲ್ಲ. ಅವರ ಪರಿಚಯದಿಂದ ಶಿಕ್ಷೆ ತಪ್ಪೀತು, ಅಂಕ ಹೆಚ್ಚೀತು ಎಂದು ಹೋದವನು ಗುರುವನ್ನೂ ಕಳೆದುಕೊಳ್ಳುತ್ತಾನೆ, ಗೌರವವನ್ನೂ ಕಳೆದುಕೊಳ್ಳುತ್ತಾನೆ.

ದೊಡ್ಡವರೂ ಹೀಗೆ ಕೇಳಿದವರೇ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿ ಕಲಿತು, 1926ರಲ್ಲಿ ಸೈನ್ಯದ ಅಧಿಕಾರಿಯಾದರು. ಅಲಹಾಬಾದಿನಲ್ಲಿದ್ದಾಗ ಅವರನ್ನೂ ಕೆಲವು ಭಾರತೀಯ ಜೊತೆಗಾರರನ್ನೂ ಒಂದು ಸಂಶಯ ಕಾಡಿತು. ದೇಶವು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿರುವಾಗ ಬ್ರಿಟಿಷರ ಸೈನ್ಯದಲ್ಲಿರುವುದು ಸರಿಯೇ, ರಾಜೀನಾಮೆ ಕೊಡಬೇಕೆ? ಅದನ್ನು ಎದೆಯಲ್ಲಿ ಹುದುಗಿಸಿಕೊಂಡು ಕೊರಗದೆ ಹೋಗಿ ಮೋತಿಲಾಲ ನೆಹರೂ ಅವರನ್ನು ಕೇಳಿದರು. ಸ್ವತಂತ್ರ ಭಾರತಕ್ಕೆ ಪಳಗಿದ ಅಧಿಕಾರಿಗಳು ಬೇಕಾಗುತ್ತಾರೆ, ಇದ್ದು ಕಲಿಯಿರಿ ಎಂಬುದು ಆ ಹಿರಿಯರ ಸಲಹೆಯಾಗಿತ್ತು. ತಿಮ್ಮಯ್ಯನವರು ಉಳಿದರು. 1957ರಿಂದ 1961ರವರೆಗೆ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರು ಅವರೇ.

ಈಗ ಒಂದು ಕಹಿ ಮಾತನ್ನೂ ಆಡಬೇಕು. ಕೆಲಸ ಕಲಿಸುವ ಹೆಸರಿನಲ್ಲಿ ನಮಗೆ ಸಟ್ಟುಗದ ಏಟು ಬಿದ್ದದ್ದುಂಟು. ಕಲಿಸಿದವರಾರು, ಹೊಡೆದವರಾರು ಎಂದು ಇಂದು ಲೆಕ್ಕ ಹಾಕಿದರೆ, ನಿಜವಾಗಿ ಕಲಿಸಿದವರು ಹೊಡೆಯಲಿಲ್ಲ. ಶಿಸ್ತು ಕಠಿಣವಾಗಿರಲಿ, ಓಟ ಉದ್ದವಾಗಿರಲಿ, ಅದಕ್ಕೆ ಹಿಂಜರಿಯಬೇಡಿ. ಆದರೆ ಹಿರಿಯನೆಂಬ ಹೆಸರಿನಲ್ಲಿ ಯಾವನಾದರೂ ಅವಮಾನ ಮಾಡಿದರೆ, ಮೈಗೆ ಗಾಯ ಮಾಡಿದರೆ, ಅದು ಮಾರ್ಗದರ್ಶನವಲ್ಲ. ಅದನ್ನು ಮೇಲಿನ ಅಧಿಕಾರಿಗೆ ತಿಳಿಸುವುದು ಚಾಡಿಯಲ್ಲ, ಕರ್ತವ್ಯ.

ತಂಗಿ, ನಿನಗೂ ಒಂದು ಮಾತು. ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ದಾರಿ ತೆರೆದ ಮೇಲೆ, 2022ರಲ್ಲಿ ಹೆಣ್ಣುಮಕ್ಕಳ ಮೊದಲ ತಂಡ ಖಡಕವಾಸ್ಲಾ ಪ್ರವೇಶಿಸಿತು. 2025ರ ಮೇ 30ರಂದು ಅವರಲ್ಲಿ 17 ಮಂದಿ ಹುಡುಗರ ಸಮಕ್ಕೆ ಹೆಜ್ಜೆ ಹಾಕಿ ಹೊರಬಂದರು. ನಿನಗೆ ಬೇರೊಂದು ಬಾಗಿಲೂ ಇದೆ. ಪದವಿಯೊಡನೆ ಎನ್.ಸಿ.ಸಿ.ಯ 'ಸಿ' ಸರ್ಟಿಫಿಕೇಟನ್ನು ಒಳ್ಳೆಯ ದರ್ಜೆಯಲ್ಲಿ ಪಡೆದವರನ್ನು ಲಿಖಿತ ಪರೀಕ್ಷೆಯಿಲ್ಲದೆ ಸಂದರ್ಶನಕ್ಕೆ ಕರೆಯುವ ವಿಶೇಷ ಪ್ರವೇಶವುಂಟು. ಇದರ ನಿಯಮಗಳನ್ನೆಲ್ಲ ನಿನ್ನ ಕಾಲೇಜಿನ ಎನ್.ಸಿ.ಸಿ. ಅಧಿಕಾರಿಯನ್ನು ಈ ವಾರವೇ ಕೇಳು. ಕೊನೆಯ ವರ್ಷಕ್ಕೆ ಇಡಬೇಡ.

ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಗನ ಫೋನು ಬಂದಾಗ, "ನಮ್ಮ ಮಾನ ಕಾಪಾಡು" ಎನ್ನಬೇಡಿ. "ಏನು ಕಷ್ಟವಾಗುತ್ತಿದೆ, ಯಾರಿಗೆ ಹೇಳಿದೆ?" ಎಂದು ಕೇಳಿ. ಎಲ್ಲಾ ಚೆನ್ನಾಗಿದೆ ಎಂಬ ಮಾತು ಪ್ರತಿ ವಾರವೂ ಬಂದರೆ ಸ್ವಲ್ಪ ಸಂಶಯಪಡಿ.

ಇನ್ನು ಮಕ್ಕಳಲ್ಲಿ. ರಜೆಗೆ ಬಂದಾಗ ಈ ಸಂಘದ ಕೋಣೆಗೆ ಬನ್ನಿ. ಹಗಲು ಟೇಬಲು ಒರೆಸಿ ಸಂಜೆ ನೈಟ್ ಸ್ಕೂಲಿಗೆ ಹೋಗುವ ಹುಡುಗರು ಇಲ್ಲಿ ಇದ್ದಾರೆ. ನಿಮಗೆ ಏನು ಬರಲಿಲ್ಲ, ಯಾರನ್ನು ಕೇಳಿದಿರಿ, ಹೇಗೆ ಬಂತು ಎಂದು ಅವರ ಮುಂದೆ ನಾಚದೆ ಹೇಳಿ. ನೀವು ಗೆದ್ದ ಪದಕಕ್ಕಿಂತ ಆ ಮಾತು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೈಹಿಡಿಸಿಕೊಂಡವರು ಇನ್ನೊಬ್ಬರ ಕೈಹಿಡಿಯಬೇಕು. ಸಂಘ ಕಟ್ಟಿದ್ದೂ ಅದಕ್ಕಾಗಿಯೇ.

 ಜೈ ಹಿಂದ್.