ಇಂಜಿನಿಯರಿಂಗ್ ಸೀಟಿನ ಲೆಕ್ಕ
(ಇಂಡಿಯಲ್ಲಿ ಪಾಲಕರ ಮುಂದೆ ಮಾಡಿದ ಭಾಷಣ)



ಪಿ.ಯು.ಸಿ. ಫಲಿತಾಂಶ ಬಂದಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆ ಜನ ನಮ್ಮನ್ನು ತಡೆದು ಕೇಳುವ ಮಾತು ಒಂದೇ: “ಮಾಸ್ತರ, ನಮ್ಮ ಹುಡುಗಗ ಇಂಜಿನಿಯರಿಂಗ ಸೀಟು ಸಿಗತೈತೇನ್ರಿ?” ಸಿಗುತ್ತದೆ ಎಂದು ಹೇಳಿ ಕಳಿಸುವುದು ಸುಲಭ. ಹಾಗೆ ಹೇಳಿ ಹಣ ಕೇಳುವವರೂ ಇದ್ದಾರೆ. ಪಾಲಕರೇ ಕುಳಿತು ಹಾಕಬಹುದಾದ ಲೆಕ್ಕಕ್ಕೆ ದಲಾಲಿ ಏತಕ್ಕೆ?

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಪಿ.ಯು.ಸಿ. ಅಂಕಗಳು ಒಟ್ಟು 300, ಸಿ.ಇ.ಟಿ. ಅಂಕಗಳು 180. ಎರಡನ್ನೂ ಶೇಕಡಾ ಮಾಡಿ, ಅರ್ಧರ್ಧ ಕೂಡಿಸಿ ರ‍್ಯಾಂಕು ಕೊಡುತ್ತಾರೆ. ಹಳ್ಳಿಯ ಹುಡುಗಿಯೊಬ್ಬಳು ಪಿ.ಯು.ಸಿ.ಯಲ್ಲಿ 240, ಸಿ.ಇ.ಟಿ.ಯಲ್ಲಿ 72 ಪಡೆದಳೆನ್ನಿ. 80ರ ಅರ್ಧ 40, 40ರ ಅರ್ಧ 20, ಕೂಡಿ 60. ಪಿ.ಯು.ಸಿ.ಯಲ್ಲಿ ಅವಳಷ್ಟೇ ಅಂಕ ಪಡೆದ, ಆದರೆ ಕೋಚಿಂಗಿಗೆ ಹೋಗಿ ಸಿ.ಇ.ಟಿ.ಯಲ್ಲಿ 126 ತಂದ ಪಟ್ಟಣದ ಹುಡುಗನದು 75. ಸಿ.ಇ.ಟಿ.ಯ 3 ಅಂಕ ಪಿ.ಯು.ಸಿ.ಯ 5 ಅಂಕಕ್ಕೆ ಸಮ ಎಂಬುದನ್ನು ನಮ್ಮ ಎಷ್ಟು ಮಕ್ಕಳಿಗೆ ತಿಳಿಸಿದ್ದೇವೆ? ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವೆಂದು ಗೊತ್ತಿಲ್ಲದೆ ಖಾಲಿ ಬಿಟ್ಟು ಬಂದವರನ್ನೂ ಕಂಡಿದ್ದೇವೆ.

ಇನ್ನು ಕಳೆದ ವರ್ಷದ ಕೊನೆಯ ರ‍್ಯಾಂಕು. ಪರೀಕ್ಷಾ ಪ್ರಾಧಿಕಾರವೇ ಕಾಲೇಜು, ಶಾಖೆ, ವರ್ಗವಾರು ಇದನ್ನು ಪ್ರಕಟಿಸುತ್ತದೆ. ಅದು ಇಂಡಿ ಪೇಟೆಯಲ್ಲಿ ಹೋದ ವಾರದ ನಿಂಬೆಯ ಧಾರಣೆ ಇದ್ದಂತೆ; ಅಂದಾಜಿಗೆ ಬೇಕು, ಅದರ ಮೇಲೆ ಸಾಲ ಮಾಡಬಾರದು. ಒಂದೇ ವರ್ಷದ್ದನ್ನು ನೋಡದೆ ಎರಡು ಮೂರು ವರ್ಷದ್ದನ್ನು ನೋಡಿರಿ. 2021ರದನ್ನು ಮಾತ್ರ ಬಿಡಿರಿ. ಆ ವರ್ಷ ಕೋವಿಡ್‌ದಿಂದ ಪಿ.ಯು.ಸಿ. ಪರೀಕ್ಷೆಯೇ ನಡೆಯದೆ ಸಿ.ಇ.ಟಿ. ಅಂಕಗಳಿಂದಲೇ ರ‍್ಯಾಂಕು ಕೊಟ್ಟರು.

ಒಂದರಿಂದ ಹತ್ತನೆಯ ಇಯತ್ತೆಯವರೆಗೆ ಹಳ್ಳಿಯಲ್ಲೇ ಕಲಿತವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಶೇಕಡಾ 5 ಮೀಸಲು ಇದೆ. ಮಗ ಮುಂದೆ ಬರಲೆಂದು ಎಂಟನೆಯ ಇಯತ್ತೆಗೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಹಾಕಿದ ತಂದೆ ಎರಡನ್ನೂ ಕಳೆದುಕೊಂಡಿರುತ್ತಾನೆ, ಪಾಪ, ತಿಳಿಯದೆ. ಹಕ್ಕಿದ್ದವರು ಮುಖ್ಯಾಧ್ಯಾಪಕರ ದಾಖಲೆಯ ಮೇಲೆ ಶಿಕ್ಷಣಾಧಿಕಾರಿಯ ಮೇಲುರುಜು ಈಗಲೇ ಮಾಡಿಸಿಕೊಳ್ಳಿರಿ.

ಗಡಿಯ ಮಾತನ್ನೂ ಹೇಳಬೇಕು. ಭೀಮೆಯ ಆಚೆ ದಂಡೆಯ ಅಫಜಲಪುರದ ವಿದ್ಯಾರ್ಥಿಗೆ 371(ಜೆ) ಇದೆ. 2013ರಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇಕಡಾ 70, ಹೊರಗಿನವುಗಳಲ್ಲಿ ಶೇಕಡಾ 8 ಸೀಟು ಅವರಿಗೆ. ಈಚೆ ದಂಡೆಯ ನಾವು ಮುಂಬಯಿ ಪ್ರಾಂತದವರು, ನಮಗಿಲ್ಲ. ಮುದ್ದೇಬಿಹಾಳದವರಿಗೂ ನೆರೆಯ ಸುರಪುರ, ಲಿಂಗಸುಗೂರಿನವರಿಗೂ ಇದೇ ಅಂತರ. ಅವರು ಹೋರಾಡಿ ಪಡೆದ ಹಕ್ಕಿನ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಬರ, ವಲಸೆ ಎರಡೂ ದಂಡೆಗೆ ಒಂದೇ ಎಂಬುದನ್ನು ಸರಕಾರ ನೋಡಲಿ ಎನ್ನುತ್ತೇವೆ. ಸದ್ಯಕ್ಕೆ ಕಲಬುರ್ಗಿ, ರಾಯಚೂರ ಕಾಲೇಜುಗಳ ರ‍್ಯಾಂಕು ನೋಡುವಾಗ 371(ಜೆ) ಸಾಲನ್ನು ನಿಮ್ಮದೆಂದು ಓದಬೇಡಿರಿ.

ಕಾಲೇಜುಗಳ ಪಟ್ಟಿ ತುಂಬುವಾಗ ಅಂಜಬೇಡಿರಿ. ಕಂಪ್ಯೂಟರು ಮೇಲಿನಿಂದ ಕೆಳಗೆ ನೋಡುತ್ತ ಬಂದು ಸಿಗುವ ಮೊದಲನೆಯದನ್ನು ಕೊಡುತ್ತದೆ. ದೊಡ್ಡ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ಕೆಡುವುದಿಲ್ಲ. ಆದರೆ ಫೀ ಕಟ್ಟಲಾಗದ ಕಾಲೇಜನ್ನು ಬರೆಯಲೇಬಾರದು. ವಿಜಯಪುರದ ಹಳಕಟ್ಟಿ ಕಾಲೇಜು 1980ರದು, ಬಾಗಲಕೋಟೆಯ ಬಸವೇಶ್ವರ ಕಾಲೇಜು 1963ರದು. ಹತ್ತಿರವೆಂದು ಬರೆಯುವ ಮೊದಲು ಅನುದಾನಿತ ಸೀಟೋ ಅಲ್ಲವೋ ವಿಚಾರಿಸಿರಿ. ರ‍್ಯಾಂಕು ತೀರ ಹಿಂದಿದ್ದರೆ ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ. ಎರಡು ಎಕರೆ ಮಾರಿ ಮ್ಯಾನೇಜಮೆಂಟ್ ಸೀಟು ಕೊಳ್ಳುವುದಕ್ಕಿಂತ ಅದು ಮೇಲು.

ಬಸವನ ಬಾಗೇವಾಡಿ ಸೀಮೆಯ ರೈತರು ಆಲಮಟ್ಟಿಗೆ ಭೂಮಿ ಕೊಟ್ಟರು, 2,400 ಮೆಗಾವಾಟಿನ ಕೂಡಗಿಗೂ ಕೊಟ್ಟರು. ಅಲ್ಲಿ ಇಂಜಿನಿಯರರ ಕುರ್ಚಿಯ ಮೇಲೆ ಆ ಮನೆಗಳ ಮಕ್ಕಳು ಎಷ್ಟು ಮಂದಿ? ನಾಲ್ಕೂ ತಾಲೂಕಿನ ಸರಕಾರಿ ಪಿ.ಯು. ಕಾಲೇಜುಗಳಲ್ಲಿ ಜೂನ್‌ದಿಂದಲೇ ಸಂಜೆಯ ಸಿ.ಇ.ಟಿ. ತರಗತಿ ನಡೆಯಬೇಕೆಂದು ಮನವಿ ಬರೆದಿದ್ದೇವೆ. ಸಭೆ ಮುಗಿದ ಮೇಲೆ ಸಹಿ ಮಾಡಿ ಹೋಗಿರಿ. ಅಂಕಪಟ್ಟಿ ತಂದವರು ಹಿಂದಿನ ಬೆಂಚಿಗೆ ಬರಲಿ, ಕೂಡಿಯೇ ಲೆಕ್ಕ ಹಾಕೋಣ.