ಫ್ಲಾಶ್ ಬೇಕಿದ್ದಿದ್ದು ಮಧ್ಯಾಹ್ನ

ಇವತ್ತು ಫೋನ್ ಅಲ್ಲ, ಕ್ಯಾಮೆರಾ ವಿಷಯ. ನೆತ್ತಿ ಮೇಲೆ ಟಕ್ ಅಂತ ಎದ್ದು ನಿಲ್ಲುತ್ತಲ್ಲ, ಆ ಪುಟ್ಟ ಫ್ಲಾಶ್ ಬಗ್ಗೆ.

ನಾಲ್ಕು ವರ್ಷದ ಹಿಂದೆ, ಅಕ್ಕನ ಮದುವೆ. ಬಿ.ಕಾಂ. ಮುಗಿಸಿ ದುಡಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೊಂಡಿದ್ದೆ. ಕತ್ತಲ್ಲಿ ಪಟಪಟ ಫ್ಲಾಶ್ ಹೊಡೆಯೋದು, ಬಿಸಿಲಲ್ಲಿ ಆಫ್ ಮಾಡೋದು. ನನಗೆ ಗೊತ್ತಿದ್ದಿದ್ದು ಅಷ್ಟೇ.

ಮಧ್ಯಾಹ್ನ ಊಟ ಆದ್ಮೇಲೆ ತಾತ ಪೇಟ ಸುತ್ಕೊಂಡು ಚಪ್ಪರದ ಅಂಚಲ್ಲಿ ಕೂತಿದ್ರು. ‘ನಂದೊಂದು ತೆಗಿಯೋ’ ಅಂದ್ರು. ಫೋಟೋ ಅಂದ್ರೆ ಓಡಿಹೋಗೋ ಮನುಷ್ಯ, ತಾವಾಗೇ ಕೇಳಿದ್ದು ಅದೇ ಮೊದಲು. ಅವರ ಹಿಂದೆ ಸುಡುಬಿಸಿಲಿನ ಅಂಗಳ, ಸುಣ್ಣ ಹೊಡೆದ ಗೋಡೆ. ಎರಡು ಕ್ಲಿಕ್ ಮಾಡಿ, ಮೇಲೆ ಯಾರೋ ಕರೆದ್ರು ಅಂತ ಹೋಗ್ಬಿಟ್ಟೆ. ಸ್ಕ್ರೀನ್ ನೋಡಿದ್ದು ರಾತ್ರಿ. ಅಂಗಳ ಸೂಪರಾಗಿ ಬಂದಿತ್ತು. ತಾತ ಬರೀ ಕಪ್ಪು ನೆರಳು.

ಸಂಜೆ ರಿಸೆಪ್ಷನ್‌ನಲ್ಲಿ ಉಲ್ಟಾ. ಹಿಂದಿನ ಸಾಲಿಂದ ಫ್ಲಾಶ್ ಹಾಕಿ ಐವತ್ತು ಫೋಟೋ ತೆಗೆದೆ. ಮುಂದೆ ಕೂತವರ ತಲೆಗಳು ಬೆಳ್ಳಗೆ, ಸ್ಟೇಜ್ ಕತ್ತಲು. ಚಿನ್ನಸ್ವಾಮಿ ಸ್ಟೇಡಿಯಂ ಗ್ಯಾಲರಿಯಿಂದ ಫೋನ್ ಫ್ಲಾಶ್ ಹಾಕಿ ಮ್ಯಾಚ್ ಫೋಟೋ ತೆಗೆಯೋ ಫ್ರೆಂಡ್‌ಗೆ ನಾನೇ ನಗ್ತಿದ್ದೆ, ನೋಡಿ!

ಲೆಕ್ಕ ಸಿಂಪಲ್. ದೂರ ಎರಡು ಪಟ್ಟಾದ್ರೆ ಬೆಳಕು ಅರ್ಧ ಅಲ್ಲ, ಕಾಲು ಭಾಗ ಆಗುತ್ತೆ. ಡೆಪ್ರಿಸಿಯೇಷನ್ ಕೂಡ ಇಷ್ಟು ಕ್ರೂರ ಅಲ್ಲ. ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿ ಗೈಡ್ ನಂಬರ್ ಅಂತ ಇರುತ್ತೆ. ಅದು ಐಎಸ್‌ಓ 100ಕ್ಕೆ 12 ಮೀಟರ್ ಅಂತಿದ್ರೆ, ಅಪರ್ಚರ್‌ನಿಂದ ಭಾಗಿಸಿ. ಎಫ್ 4ರಲ್ಲಿ 3 ಮೀಟರ್, ಮುಗೀತು. ಐಎಸ್‌ಓ 400 ಮಾಡಿದ್ರೆ 6 ಮೀಟರ್. ಸ್ಟೇಜ್‌ನಲ್ಲಿ ಹೇಗೂ ಲೈಟ್ ಇತ್ತು. ಫ್ಲಾಶ್ ಮುಚ್ಚಿ ಐಎಸ್‌ಓ ಏರಿಸಿದ್ರೆ ಸಾಕಿತ್ತು.

ತಾತನ ಫೋಟೋದಲ್ಲಿ ಆಗಿದ್ದೇ ಬೇರೆ. ಕ್ಯಾಮೆರಾ ಬೆಳ್ಳಗಿನ ಅಂಗಳ ನೋಡಿ ‘ಅಬ್ಬಾ, ಬೆಳಕು ಜಾಸ್ತಿ’ ಅಂತ ಎಲ್ಲಾನೂ ಕಮ್ಮಿ ಮಾಡ್ತು, ಮುಖಾನೂ ಅದರ ಜೊತೆ ಹೋಯ್ತು. ಅಲ್ಲೇ ಫ್ಲಾಶ್ ಬೇಕಿದ್ದಿದ್ದು. ಆಟೋ ಮೋಡ್ ನಂಬ್ಕೋಬೇಡಿ. ಪಿ ಮೋಡ್‌ಗೆ ಹಾಕಿ, ಫ್ಲಾಶ್ ಬಟನ್ ನೀವೇ ಒತ್ತಿ. ಆಮೇಲೆ ಹತ್ತಿರ ಹೋಗಿ, ಇದು ಮುಖ್ಯ. ಯಾಕಂದ್ರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಫ್ಲಾಶ್ ಎದ್ದಾಗ ಶಟರ್ 1/200 ಸೆಕೆಂಡ್ ಆಸುಪಾಸಿಗಿಂತ ವೇಗ ಹೋಗಲ್ಲ. ಬಿಸಿಲಿಗೆ ಅಪರ್ಚರ್ ಎಫ್ 11ರವರೆಗೆ ಮುಚ್ಕೊಳುತ್ತೆ. 12ನ್ನ 11ರಿಂದ ಭಾಗಿಸಿ: ಒಂದು ಮೀಟರ್ ಚಿಲ್ಲರೆ. ನಾನು ನಿಂತಿದ್ದಿದ್ದು ನಾಲ್ಕು ಮೀಟರ್ ದೂರ. ಅಲ್ಲಿಂದ ಫ್ಲಾಶ್ ಹಾಕಿದ್ರೂ ದಂಡ. ತಾತನ ಮೊಣಕಾಲ ಹತ್ರ ಹೋಗಿ ಕೂತ್ಕೋಬೇಕಿತ್ತು.

ಮುಖ ಎಣ್ಣೆ ಹಚ್ಚಿದಂಗೆ ಹೊಳೆದ್ರೆ ಫ್ಲಾಶ್ ಕಾಂಪನ್ಸೇಶನ್ ಮೈನಸ್ 1 ಮಾಡಿ. ಜರಿ ಸೀರೆ, ಒಡವೆ ಇದ್ರಂತೂ ಮಾಡ್ಲೇಬೇಕು. ಲೆನ್ಸ್ ಹುಡ್ ಬಿಚ್ಚಿಡಿ, ಇಲ್ದಿದ್ರೆ ಫೋಟೋ ಕೆಳಗೆ ಅರ್ಧಚಂದ್ರದ ನೆರಳು ಬೀಳುತ್ತೆ. ಕೆಂಪು ಕಣ್ಣು ಬರೋದು ಫ್ಲಾಶ್ ಲೆನ್ಸ್‌ಗೆ ತೀರಾ ಹತ್ತಿರ ಇರೋದ್ರಿಂದ. ಕಣ್ಣಿನ ಹಿಂಭಾಗಕ್ಕೆ ಬಡಿದ ಬೆಳಕು ಸೀದಾ ವಾಪಸ್ ಬರುತ್ತೆ. ರೂಮಲ್ಲಿ ಇನ್ನೊಂದು ಲೈಟ್ ಹಾಕಿದ್ರೆ ಪಾಪೆ ಕುಗ್ಗಿ ಅದು ಕಮ್ಮಿ ಆಗುತ್ತೆ.

ಮದುವೆ ಆದ ಮೇಲೆ ತಾತ ಎಂಟು ತಿಂಗಳಿದ್ರು. ಗೋಡೆಗೆ ಹಾಕೋಕೆ ಅಮ್ಮ ಫೋಟೋ ಕೇಳಿದ್ರು, ಇದ್ದಿದ್ದು ಅದೇ. ಬರೀ ಜೆಪೆಗ್‌ನಲ್ಲಿ ತೆಗೆದಿದ್ದೆ. ಲ್ಯಾಪ್‌ಟಾಪಲ್ಲಿ ನೆರಳನ್ನ ಎಳೆದೂ ಎಳೆದೂ ಬೆಳ್ಳಗೆ ಮಾಡಿದೆ, ಮುಖದ ತುಂಬಾ ರವೆ ಚೆಲ್ಲಿದಂಗೆ ಆಯ್ತು. ಅಮ್ಮ ಅದಕ್ಕೇ ಫ್ರೇಮ್ ಹಾಕ್ಸಿ ಹಾಲಲ್ಲಿ ಇಟ್ಟಿದ್ದಾರೆ. ದೂರದಿಂದ ನೋಡಿದ್ರೆ ಪೇಟ ಗೊತ್ತಾಗುತ್ತೆ, ಮೀಸೆ ಗೊತ್ತಾಗುತ್ತೆ. ಕಣ್ಣು ಮಾತ್ರ ಕಾಣಲ್ಲ.

ಸರಿ, ಮುಂದಿನ ವಾರ ಸಿಗ್ತೀನಿ.