ನೆತ್ತರು ಹುಟ್ಟುವ ನೆಲೆ



ನಮ್ಮ ಆಯುರ್ವೇದವು ಸಪ್ತಧಾತುಗಳಲ್ಲಿ ರಕ್ತವನ್ನು ಎರಡನೆಯದಾಗಿಯೂ ಮಜ್ಜೆಯನ್ನು ಆರನೆಯದಾಗಿಯೂ ಎಣಿಸಿದೆ. ಇಂದಿನ ವಿಜ್ಞಾನ ಕಂಡುಕೊಂಡದ್ದು ಬೇರೆ: ರಕ್ತಕಣಗಳು ಹುಟ್ಟುವುದೇ ಮಜ್ಜೆಯಲ್ಲಿ. ಬೆನ್ನು, ಪಕ್ಕೆ, ಎದೆ, ಸೊಂಟದ ಎಲುಬುಗಳೊಳಗಿನ ಕೆಂಪು ಮಜ್ಜೆಯಲ್ಲಿ ಮೂಲಕಣಗಳು ಒಡೆದು ಬೆಳೆದು ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ಟುಗಳಾಗುತ್ತವೆ. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳು ಹುಟ್ಟಬೇಕು. ಪ್ರಾಣವಾಯು ಸಾಲದಾದಾಗ, ಹೆಚ್ಚು ಕಣಗಳನ್ನು ಮಾಡೆಂದು ಮಜ್ಜೆಗೆ ಅಪ್ಪಣೆ ಕಳಿಸುವುದು ಮೂತ್ರಪಿಂಡ.

ಅಪ್ಪಣೆಯೊಂದೇ ಸಾಲದು, ಸಾಮಗ್ರಿಯೂ ಬೇಕು. ಕಬ್ಬಿಣಾಂಶ ಅದರಲ್ಲಿ ಮುಖ್ಯ. ಇನ್ನೊಂದರ ಸುಳಿವು ಸಿಕ್ಕಿದ್ದು ಮುಂಬಯಿಯಲ್ಲಿ. ಅಲ್ಲಿಯ ಬಡ ಗರ್ಭಿಣಿಯರ ರಕ್ತಹೀನತೆಯು ಯೀಸ್ಟ್ ಸಾರದಿಂದ ಗುಣವಾಗುವುದೆಂದು ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1931ರಲ್ಲಿ ಪ್ರಕಟಿಸಿದರು. ಆ ಸತ್ವವೇ ಮುಂದೆ ಫೋಲಿಕ್ ಆಮ್ಲವೆನಿಸಿತು.

ತುಬಚಿಯಂಥ ನಮ್ಮ ಊರುಗಳಲ್ಲಿ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವವರು ತಾಯಿ, ಮಗಳು. ತಿಂಗಳು ತಿಂಗಳೂ ನೆತ್ತರು ಕಳೆದುಕೊಳ್ಳುವವರೂ ಅವರೇ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಹುಡುಗಿಯರು ಬಿಸಾಡದಿರಲಿ. ರೊಟ್ಟಿಯೊಡನೆ ಮೆಂತ್ಯೆಪಲ್ಯ, ಕಾಳುಪಲ್ಯ, ಮೇಲಿಷ್ಟು ನಿಂಬೆಹುಳಿ ಇರಲಿ. ಊಟದ ಬೆನ್ನಿಗೇ ಚಹ ಬೇಡ. ಅವರ ತಾಟನ್ನೂ ಮೊದಲ ಪಂಕ್ತಿಯಲ್ಲಿಯೇ ಇಡೋಣ.